ಕಾಯಶುದ್ಧಿ ಮತ್ತು ಖಾರದ ಕೈ

ದಿಗಂಬರ ಮುನಿಗಳು ಆಹಾರಕ್ಕೆ ಬಂದಾಗ ಶ್ರಾವಕರು ಬಾಯಿಬಿಟ್ಟು ಹೇಳಬೇಕಾದ ಮಾತೊಂದಿದೆ: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ. ಇದನ್ನು ಕೇಳಿದ ಮೇಲೆಯೇ ಅವರು ಊಟಕ್ಕೆ ಕೈಯೊಡ್ಡುವುದು. ಮನಸ್ಸಿನ ಶುದ್ಧಿಯ ಬಗ್ಗೆ ಪ್ರವಚನಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವುದು ಮೂರನೆಯದು. ನಿನ್ನೆ ಮೆಣಸಿನಕಾಯಿ ಬಿಡಿಸಿದ ಕೈಯನ್ನು ಇವತ್ತು ಶುದ್ಧ ಅಂತ ಮುನಿಗಳ ಮುಂದೆ ನಿಂತು ಹೇಳಬಹುದೇ? ಹೇಳುವವರು ಅದನ್ನು ತಿಳಿದುಕೊಳ್ಳುವುದು ಹೇಗೆ?

ನಮ್ಮದು ಬ್ಯಾಡಗಿಯ ಹತ್ತಿರದ ಊರು. ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರುವುದು ಜನವರಿಯಿಂದ. ಸೋಮವಾರ, ಗುರುವಾರ ಪೇಟೆಯ ದಿನ. ಆಗ ಊರಿನ ಗಾಳಿಗೇ ಘಾಟು ಹತ್ತಿರುತ್ತದೆ. ಮನೆಮನೆಯ ಮಾಳಿಗೆಯ ಮೇಲೂ ಕೆಂಪು ಹಾಸು. ವರ್ಷದ ಖಾರ ಕುಟ್ಟಿಸುವ ಕಾಲ ಅದು. ಮುನಿಗಳ ವಿಹಾರವೂ ಅದೇ ಕಾಲಕ್ಕೆ. ಚಾತುರ್ಮಾಸದಲ್ಲಿ ಒಂದೇ ಊರಲ್ಲಿ ನಿಲ್ಲುವ ಅವರು ಉಳಿದ ತಿಂಗಳುಗಳಲ್ಲಿ ಬರಿಗಾಲಲ್ಲಿ ಊರಿಂದೂರಿಗೆ ನಡೆಯುತ್ತಿರುತ್ತಾರೆ. ಪಕ್ಕದ ಊರಿನ ಬಸದಿಯಲ್ಲಿ ಸಂಘ ಇಳಿದಿದೆ, ನಾಳೆ ಬೆಳಗ್ಗೆ ನಮ್ಮಲ್ಲಿಗೆ ಬರುತ್ತದೆ ಎಂಬ ಸುದ್ದಿ ಬರುವುದು ಸಂಜೆಗೆ. ಆ ಹೊತ್ತಿಗೆ ಮನೆಯ ಹೆಂಗಸರೆಲ್ಲ ಮೆಣಸಿನಕಾಯಿ ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿರುತ್ತಾರೆ.

ಅಂಥ ಸಂಜೆಗಳಿಗಾಗಿ ನಮ್ಮ ಅತ್ತೆಯವರು ಒಂದು ಕಟ್ಟಳೆ ಮಾಡಿದ್ದರು. ಗುಂಟೂರು ಕಾಯಿ ಬಿಡಿಸಿದವರು ಮರುದಿನ ಮುನಿಗಳ ಅಂಜಲಿಗೆ ತುತ್ತು ಇಡುವಂತಿಲ್ಲ, ಅವರಿಗಾಗಿ ರೊಟ್ಟಿ ತಟ್ಟುವಂತಿಲ್ಲ. ಬ್ಯಾಡಗಿ ಬಿಡಿಸಿದವರು ಕೈ ತೆಗೆದುಕೊಂಡು ತೋರಿಸಿದರೆ ಇಡಬಹುದು. ಕೈ ತೊಳೆಯುವುದಕ್ಕೂ ಕೈ ‘ತೆಗೆಯುವುದಕ್ಕೂ’ ಅವರ ಲೆಕ್ಕದಲ್ಲಿ ಬಹಳ ಅಂತರವಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಮಡಿಯ ಇನ್ನೊಂದು ಕಟ್ಟು ಎಂದೇ ತಿಳಿದಿದ್ದೆ. ತಲೆಗೆ ಸ್ನಾನ ಮಾಡಿ ಒಗೆದ ಸೀರೆ ಉಟ್ಟು ನಿಂತ ಮೇಲೆ ಇನ್ನೇನು ಉಳಿಯಿತು ಅಂತ ಕೇಳಿದಾಗ ಅವರು ಅಂದಿದ್ದು ಇಷ್ಟೇ: “ನೀರು ಹರದ್ರ ಶುದ್ಧ ಆಗ್ತದೇನವಾ? ನೀರಿಗೂ ಖಾರಕ್ಕೂ ಪರಿಚಯನ ಇಲ್ಲ.”

ಅವರು ಮೂರನೆಯ ಇಯತ್ತೆಯವರೆಗೆ ಓದಿದವರು. ಮಾತು ಮಾತ್ರ ಅಕ್ಷರಶಃ ಸತ್ಯ. ಮೆಣಸಿನಕಾಯಿಯ ಖಾರವೆಲ್ಲ ಇರುವುದು ಕ್ಯಾಪ್ಸೈಸಿನ್ ಮತ್ತು ಅದರ ಬಳಗದ ಒಂದೆರಡು ವಸ್ತುಗಳಲ್ಲಿ. ಅದು ಹುಟ್ಟುವುದು ಕಾಯಿಯ ಒಳಗೆ ಬೀಜ ಅಂಟಿಕೊಂಡಿರುವ ಬಿಳಿಯ ಎಳೆಯಲ್ಲಿ. ಬೀಜ ಖಾರ ಅನ್ನುವುದು ಆ ಎಳೆಗೆ ತಾಗಿದ್ದರಿಂದ. ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಚರ್ಮದ ಮೇಲಿನ ಜಿಡ್ಡಿನೊಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಬರಿ ನೀರು ಸುರಿದರೆ ಬೆರಳ ತುದಿಯಲ್ಲಿದ್ದದ್ದು ಅಂಗೈಗೂ ಮಣಿಕಟ್ಟಿಗೂ ಹರಡುತ್ತದೆ, ಅಷ್ಟೆ. ಬಿಸಿನೀರಾದರೆ ಉರಿ ಇನ್ನೂ ಏಳುತ್ತದೆ.

ಬಣ್ಣ ನೋಡಿಯೂ ತೀರ್ಮಾನಿಸುವಂತಿಲ್ಲ. ಕೆಂಪಿನ ವಸ್ತು ಬೇರೆ, ಖಾರದ ವಸ್ತು ಬೇರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿಯ ಹೆಸರೆಲ್ಲ ಕೆಂಪಿನದು. ಡಬ್ಬಿಯಿರಲಿ ಕಡ್ಡಿಯಿರಲಿ, ಕೈಗೆ ರಂಗು ಹತ್ತಿದಷ್ಟು ಉರಿ ಹತ್ತುವುದಿಲ್ಲ. ಗುಂಟೂರು ಕಾಯಿಯದು ತಿರುವುಮುರುವು. ಕೈ ನೋಡಿದರೆ ಸ್ವಚ್ಛ, ಮುಟ್ಟಿದಲ್ಲಿ ಬೆಂಕಿ. ಕೆಂಪಗಿದ್ದ ಬ್ಯಾಡಗಿಯ ಕೈಗೆ ಅನುಮತಿ ಕೊಟ್ಟು, ಬೆಳ್ಳಗಿದ್ದ ಗುಂಟೂರಿನ ಕೈಯನ್ನು ಅತ್ತೆ ದೂರ ಇಡುತ್ತಿದ್ದದ್ದು ಇದಕ್ಕೇ. ಕಣ್ಣಿಗೆ ಕಾಣುವ ಮೈಲಿಗೆಯನ್ನು ಬಿಟ್ಟು ಕಾಣದ್ದನ್ನು ಹಿಡಿಯುವ ಮಡಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕೈ ತೆಗೆಯುವ ಕ್ರಮ ಹೀಗೆ. ಮೊದಲು ನೀರು ಸೋಕಿಸಬಾರದು. ಒಣ ಕೈಗೇ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಒಂದು ಚಮಚ ಹಾಕಿಕೊಂಡು, ಬೆರಳ ಸಂದಿ, ಉಗುರಿನ ಬುಡ, ಬಳೆಗಳ ಕೆಳಗಿನ ಮಣಿಕಟ್ಟು, ಎಲ್ಲ ಕಡೆ ನಿಧಾನ ತಿಕ್ಕಬೇಕು. ಉಗುರಿನ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುದಿ. ಆಮೇಲೆ ಕಡಲೆಹಿಟ್ಟು ಉದುರಿಸಿ ಉಜ್ಜಿದರೆ ಎಣ್ಣೆಯೆಲ್ಲ ಹಿಟ್ಟಿಗೆ ಇಳಿದು, ಸಣ್ಣ ಸಣ್ಣ ಕೆಂಪು ಉರುಳೆಗಳಾಗಿ ಉದುರುತ್ತದೆ. ಆ ಉರುಳೆಗಳನ್ನು ನೋಡಿದಾಗಲೇ ನನಗೆ ಗೊತ್ತಾಗಿದ್ದು, ತೊಳೆದ ಕೈ ಅಂದುಕೊಂಡದ್ದರಲ್ಲಿ ಎಷ್ಟು ಉಳಿದಿರುತ್ತದೆ ಅಂತ. ಅದಾದ ಮೇಲೆ ಅಂಟುವಾಳದ ನೊರೆ. ಅಂಗಡಿ ಸಾಬೂನಿನಲ್ಲಿ ಪ್ರಾಣಿಯ ಕೊಬ್ಬು ಇರಬಹುದೆಂದು ಚೌಕದ, ಅಂದರೆ ಮುನಿಗಳ ಅಡುಗೆಯ, ಕೆಲಸಕ್ಕೆ ಅದನ್ನು ನಮ್ಮಲ್ಲಿ ಬಳಸುವುದಿಲ್ಲ. ಅಂಟುವಾಳದ ನೊರೆಗೂ ಒಂದು ತುದಿಯಲ್ಲಿ ಎಣ್ಣೆ, ಇನ್ನೊಂದು ತುದಿಯಲ್ಲಿ ನೀರು ಹಿಡಿಯುವ ಗುಣ ಇದೆ. ಕಡೆಗೆ ಗಾಳಿಸಿದ ತಣ್ಣೀರು. ಇಷ್ಟನ್ನೂ ಇನ್ನೊಂದು ಸಲ. ಆಮೇಲೆ ಪರೀಕ್ಷೆ: ಬೆರಳನ್ನು ಕೆಳತುಟಿಯ ಒಳಬದಿಗೆ ಒತ್ತಿ ಸ್ವಲ್ಪ ಹೊತ್ತು ಕಾಯಬೇಕು. ಅದು ಎಂಜಲಾಗುವುದರಿಂದ ಸ್ನಾನಕ್ಕೆ ಮೊದಲೇ ಮುಗಿಸಬೇಕು. ತುಟಿ ಚುರುಗುಟ್ಟಿದರೆ ಅವತ್ತಿಗೆ ಅವಕಾಶ ಇಲ್ಲ.

ಅಂಗೈ ಸಾಕ್ಷಿ ಹೇಳುವುದಿಲ್ಲ, ತುಟಿ ಹೇಳುತ್ತದೆ. ಅಂಗೈಯ ಚರ್ಮ ದಪ್ಪ. ಒಲೆಯ ಮುಂದೆ ದುಡಿದವರದು ಇನ್ನೂ ದಪ್ಪ. ಖಾರ ಅದರ ಮೇಲೆ ಕೂತಿದ್ದರೂ ಅದಕ್ಕೆ ಅರಿವಿರುವುದಿಲ್ಲ. ಅದೇ ಕೈ ಮಗುವಿನ ಕಣ್ಣೊರೆಸಲು ಹೋದರೆ ಮಗು ಚಿಟ್ಟನೆ ಚೀರುತ್ತದೆ. ಮಾಡಿದವರಿಗೆ ಗೊತ್ತೇ ಆಗದ್ದು ಮುಟ್ಟಿಸಿಕೊಂಡವರಿಗೆ ಗೊತ್ತಾಗುತ್ತದೆ. ಕರ್ಮದ ಬಗ್ಗೆ ಓದಿದ ಎಷ್ಟೋ ಮಾತುಗಳು ಈ ಒಂದು ಸಂಗತಿಯ ಮುಂದೆ ನನಗೆ ಹೊಸದಾಗಿ ಕಂಡವು.

ಸಮಯಸಾರದ ಬಂಧಾಧಿಕಾರದಲ್ಲಿ ಕುಂದಕುಂದಾಚಾರ್ಯರು ಒಂದು ದೃಷ್ಟಾಂತ ಕೊಡುತ್ತಾರೆ. ಒಬ್ಬ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಧೂಳಿನ ಜಾಗದಲ್ಲಿ ನಿಂತು ಆಯುಧ ಹಿಡಿದು ಸಾಧನೆ ಮಾಡುತ್ತಾನೆ, ಬಾಳೆ ಬಿದಿರುಗಳನ್ನು ಕಡಿಯುತ್ತಾನೆ. ಮೈಗೆ ಧೂಳು ಮೆತ್ತುತ್ತದೆ. ಮೆತ್ತಿದ್ದು ಯಾತಕ್ಕೆ? ಅವನು ಕೈಕಾಲು ಆಡಿಸಿದ್ದಕ್ಕಲ್ಲ, ಎಣ್ಣೆ ಇದ್ದದ್ದಕ್ಕೆ. ಇನ್ನೊಬ್ಬ ಅದೇ ಜಾಗದಲ್ಲಿ ಅದೇ ಕೆಲಸ ಎಣ್ಣೆಯಿಲ್ಲದ ಮೈಯಲ್ಲಿ ಮಾಡಿದರೆ ಅವನಿಗೆ ಧೂಳು ಅಂಟುವುದಿಲ್ಲ. ರಾಗವೇ ಆ ಎಣ್ಣೆ. ಜೈನರಿಗೆ ಕರ್ಮ ಬರಿ ಲೆಕ್ಕಪತ್ರವಲ್ಲ, ಸೂಕ್ಷ್ಮವಾದ ಪುದ್ಗಲ. ನಿಜವಾಗಿಯೂ ಬಂದು ಅಂಟುವ ವಸ್ತು. ಆದ್ದರಿಂದಲೇ ಅಂಟುವುದು, ಬಿಡುವುದು ಎಂಬ ಮಾತು ನಮ್ಮಲ್ಲಿ ಇಷ್ಟು.

ಈ ದೃಷ್ಟಾಂತ ಓದಿದಾಗೆಲ್ಲ ನನ್ನ ಕೈಯ ಎಣ್ಣೆ ಎದುರು ನಿಲ್ಲುತ್ತಿತ್ತು. ಅಲ್ಲಿ ಎಣ್ಣೆ ಅಂಟಿಸುತ್ತದೆ. ನಮ್ಮ ಅಡುಗೆಮನೆಯಲ್ಲಿ ಎಣ್ಣೆಯೇ ಬಿಡಿಸುತ್ತದೆ. ಎರಡೂ ಸತ್ಯ. ಇದನ್ನು ಸುಮ್ಮನೆ ದಾಟಿ ಹೋಗಲು ಮನಸ್ಸಾಗಲಿಲ್ಲ. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ: ಕಬ್ಬಿಣದ ಬೇಡಿಯೂ ಕಟ್ಟುತ್ತದೆ, ಚಿನ್ನದ ಬೇಡಿಯೂ ಕಟ್ಟುತ್ತದೆ, ಪಾಪದಂತೆ ಪುಣ್ಯವೂ ಬಂಧವೇ. ಭಕ್ತಿ, ದಾನ, ಅನುಕಂಪ ಇವು ಒಳ್ಳೆಯ ರಾಗ ನಿಜ, ಆದರೂ ರಾಗ. ಇದನ್ನು ಕೇಳಿ ಕೆಲವರು ಪೂಜೆ ಬೇಡ, ದಾನ ಬೇಡ, ನಾನು ಶುದ್ಧಾತ್ಮ ಎಂದು ನೇರವಾಗಿ ನಿಶ್ಚಯನಯಕ್ಕೆ, ಪರಮಾರ್ಥದ ದೃಷ್ಟಿಗೆ, ಹಾರುವುದನ್ನು ನೋಡಿದ್ದೇನೆ. ಖಾರ ಮೆತ್ತಿದ ಕೈಗೆ ಮೊದಲೇ ನೀರು ಸುರಿದರೆ ಆಗುವುದೇ ಅವರಿಗೂ ಆಗುತ್ತದೆ ಅಂತ ನನ್ನ ಖಚಿತ ಅಭಿಪ್ರಾಯ: ಹೋಗುವುದಿಲ್ಲ, ಹರಡುತ್ತದೆ. ಎಣ್ಣೆಗೆ ಖಾರವನ್ನು ಎಬ್ಬಿಸಿಕೊಂಡು ಹೋಗುವ ಶಕ್ತಿ ಇದೆ, ಯಾಕೆಂದರೆ ಅದು ಖಾರದ ಜಾತಿಯದೇ. ಸಿಟ್ಟು, ಹೊಟ್ಟೆಕಿಚ್ಚು ಕೂತ ಜಾಗದೊಳಕ್ಕೆ ಬರಿಯ ತತ್ವ ಇಳಿಯುವುದಿಲ್ಲ; ಪ್ರೀತಿ ಇಳಿಯುತ್ತದೆ. ಆದರೆ ಎಣ್ಣೆಯನ್ನು ಹಾಗೇ ಬಿಟ್ಟರೆ ಕುಂದಕುಂದರ ಧೂಳು ಕಾದಿರುತ್ತದೆ. ಹಿಟ್ಟು, ನೊರೆ, ನೀರು ಎಲ್ಲ ಬರಬೇಕು, ಆ ಕ್ರಮದಲ್ಲೇ ಬರಬೇಕು. ಗೃಹಸ್ಥಳಾದ ನನಗೆ ಆಚಾರ್ಯರ ಎರಡು ಮಾತುಗಳೂ ಒಟ್ಟಿಗೆ ಕೂಡಿದ್ದು ಕಡಲೆಹಿಟ್ಟಿನ ಆ ಕೆಂಪು ಉರುಳೆಗಳಲ್ಲಿ.

ಶಾಸ್ತ್ರದಲ್ಲಿ ಮೆಣಸಿನಕಾಯಿಯ ಮಾತಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗುಗಳಲ್ಲಿ ಈ ಕಡೆ ಬಂದದ್ದು. ಅದಕ್ಕೆ ಮೊದಲು ನಮ್ಮ ಅಡುಗೆಯ ಖಾರವೆಲ್ಲ ಕರಿಮೆಣಸು, ಹಿಪ್ಪಲಿ, ಶುಂಠಿಯದು. ಹೊಸ ಪದಾರ್ಥ ಬಂದಾಗ ಯಾವ ಆಚಾರ್ಯರೂ ವಿಧಿ ಬರೆದಿಡಲಿಲ್ಲ. ಮುಟ್ಟಿದರೆ ಎಲ್ಲಿ ಹತ್ತುತ್ತದೆ, ಯಾತರಿಂದ ಹೋಗುತ್ತದೆ ಎಂಬುದನ್ನು ಹೆಂಗಸರೇ ಕಂಡುಕೊಂಡು ಕಟ್ಟಳೆ ಮಾಡಿದರು. ಅತ್ತೆಯವರ ನಿಯಮ ಯಾವ ಗ್ರಂಥದಲ್ಲಿ ಬರೆದಿದೆ ಎಂದು ಒಮ್ಮೆ ನೆಂಟರೊಬ್ಬರು ಕೆಣಕಿದ್ದರು. ಗ್ರಂಥದಲ್ಲಿಲ್ಲದ್ದೇ ಅದರ ಹಿರಿಮೆ ಅಂತ ನನಗನ್ನಿಸುತ್ತದೆ. ಅಹಿಂಸೆಯನ್ನು ನಿಜವಾಗಿ ನಂಬಿದವರು ಮಾತ್ರ ಅದನ್ನು ಹೊಸ ಜಾಗಕ್ಕೆ ತಾವೇ ಒಯ್ಯುತ್ತಾರೆ.

ಓದಿದ ಹುಡುಗರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಖಾರ ಹತ್ತಿದಲ್ಲಿ ಏನೂ ಸುಡುವುದಿಲ್ಲವಲ್ಲ? ಅವರು ಹೇಳುವುದು ನಿಜವೇ. ನರದ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತೆರೆದುಕೊಂಡು ಸುಡುತ್ತಿದೆ ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಹೋಗಿ ಕೂತರೆ ಬಿಸಿಯಿಲ್ಲದೆಯೂ ಅದು ತೆರೆದುಕೊಳ್ಳುತ್ತದೆ. ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಬೆಂಕಿ ಇಲ್ಲ, ಗಾಯ ಇಲ್ಲ, ಬರಿ ಸುಳ್ಳು ಸುದ್ದಿ. ಹಾಗಾದರೆ ಹಿಂಸೆ ಎಲ್ಲಾಯಿತು?

ಇಲ್ಲಿ ನಾನು ಅನೇಕಾಂತವನ್ನು ಗಟ್ಟಿಯಾಗಿ ಹಿಡಿಯುತ್ತೇನೆ. ಚರ್ಮದ ದೃಷ್ಟಿಯಿಂದ ನೋಡಿದರೆ ಸುಟ್ಟಿಲ್ಲ. ಅನುಭವಿಸುವ ಜೀವದ ದೃಷ್ಟಿಯಿಂದ ಸುಡುತ್ತಿದೆ. ಎರಡೂ ಒಂದೊಂದು ಬಗೆಯಲ್ಲಿ ನಿಜ. ಆದರೆ ಹಿಂಸೆಯ ವಿಚಾರ ಬಂದಾಗ ಯಾವ ನಯವನ್ನು ಮುಂದೆ ಮಾಡಬೇಕೆಂಬುದು ಮುಟ್ಟಿದವರ ಅನುಕೂಲಕ್ಕೆ ಬಿಟ್ಟದ್ದಲ್ಲ. ನೋವು ಭ್ರಮೆ ಎಂದು ಹೇಳುವ ಅಧಿಕಾರ ನೋವು ಉಂಟುಮಾಡಿದ ಕೈಗೆ ಯಾವತ್ತೂ ಇಲ್ಲ. ಕಣ್ಣು ಉಜ್ಜಿಕೊಂಡು ಅಳುತ್ತಿರುವ ಮಗುವಿಗೆ ಅಲ್ಲೇನೂ ಸುಟ್ಟಿಲ್ಲ ಎಂದು ಯಾವ ತಾಯಿಯೂ ಹೇಳಿ ಸುಮ್ಮನಾಗಲಾರಳು.

ಈಗ ಮುನಿಗಳ ಕೈಯ ವಿಚಾರಕ್ಕೆ ಬರುತ್ತೇನೆ. ಅವರಿಗೆ ತಟ್ಟೆಯಿಲ್ಲ. ದಿನಕ್ಕೊಂದೇ ಹೊತ್ತು, ನಿಂತುಕೊಂಡು, ಮೌನವಾಗಿ, ಜೋಡಿಸಿದ ಅಂಗೈಗಳಲ್ಲೇ ಊಟ. ನಾವು ಇಟ್ಟ ತುತ್ತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹರಡಿ, ಕೂದಲು ಹುಳ ಏನಾದರೂ ಇದೆಯೇ ಎಂದು ನೋಡಿ ಬಾಯಿಗೆ ಇಡುತ್ತಾರೆ. ಸಿಕ್ಕಿದರೆ ಅಂತರಾಯ, ಅಲ್ಲಿಗೆ ಅವತ್ತಿನ ಆಹಾರ ಮುಗಿಯಿತು. ಕೂದಲು ಕಾಣುತ್ತದೆ, ಖಾರ ಕಾಣುವುದಿಲ್ಲ. ರೊಟ್ಟಿ ತಟ್ಟಿದ ಕೈಯಿಂದ ರೊಟ್ಟಿಗೆ, ರೊಟ್ಟಿಯಿಂದ ಅವರ ಅಂಗೈಗೆ ಇಳಿದದ್ದು ಬಹಳ ಸ್ವಲ್ಪವೇ ಇರಬಹುದು; ಹಂಚಿನ ಮೇಲೆ ಬೆಂದರೂ ಅದು ಹೋಗುವುದಿಲ್ಲ. ಅಷ್ಟೇ ಸ್ವಲ್ಪ ಕಣ್ಣಿಗೆ ಸಾಕು. ಇನ್ನು ಅದನ್ನು ತೆಗೆಯಲು ಅವರ ಹತ್ತಿರ ಏನಿದೆ? ಸ್ನಾನ ಮಾಡದಿರುವುದು ಅವರ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು. ಎಣ್ಣೆ ಹಚ್ಚುವುದಿಲ್ಲ, ಸಾಬೂನು ಮುಟ್ಟುವುದಿಲ್ಲ. ಇರುವುದು ಕಮಂಡಲುವಿನ ನೀರು, ಖಾರದ ಪರಿಚಯವೇ ಇಲ್ಲದ ಆ ನೀರು. ಒರೆಸಿಕೊಳ್ಳಲು ಒಂದು ತುಂಡು ಬಟ್ಟೆಯೂ ಇಲ್ಲ. ನಾವು ಅವರ ಕೈಯಲ್ಲಿ ಬಿಟ್ಟದ್ದು ಅವರ ಜೊತೆಗೇ ಮುಂದಿನ ಊರಿಗೆ ನಡೆಯುತ್ತದೆ.

ಅವರು ಸಹಿಸುತ್ತಾರೆ, ಅದರಲ್ಲಿ ಸಂಶಯವಿಲ್ಲ. ಹಸಿವು, ಬಾಯಾರಿಕೆ ಮೊದಲಾದ ಇಪ್ಪತ್ತೆರಡು ಪರೀಷಹಗಳನ್ನು ಗೆಲ್ಲಲು ಹೊರಟವರಿಗೆ ಇದು ಎಷ್ಟರದು? ಒಬ್ಬ ಹೆಣ್ಣುಮಗಳು ನನ್ನೆದುರೇ ಹೀಗಂದಿದ್ದಳು. ಅವಳ ಭಕ್ತಿಯ ಬಗ್ಗೆ ನನಗೆ ಗೌರವವಿದೆ, ಮಾತನ್ನು ಮಾತ್ರ ಒಪ್ಪಲಾರೆ. ಅವರ ಸಹನೆ ಅವರ ನಿರ್ಜರೆಗೆ, ಅಂಟಿದ ಕರ್ಮ ಉದುರುವುದಕ್ಕೆ, ದಾರಿ. ನಮ್ಮ ಅಜಾಗರೂಕತೆಗೆ ಮಾಫಿಯಲ್ಲ. ಪ್ರವಚನಸಾರದಲ್ಲಿ ಇದೇ ಕುಂದಕುಂದರು ಹೇಳುವ ಅರ್ಥ ಹೀಗಿದೆ: ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆ ತಪ್ಪಿದ್ದಲ್ಲ, ಎಚ್ಚರದಿಂದ ನಡೆದವನಿಗೆ ಬರಿಯ ಹೊರಗಿನ ಹಿಂಸೆಯಿಂದ ಬಂಧವಿಲ್ಲ. ಎಲ್ಲ ನಿಂತಿರುವುದು ಎಚ್ಚರದ ಮೇಲೆ. ಆದರೆ ಖಾರದ ಕೈ ಇಲ್ಲಿ ಒಂದು ಕಠಿಣ ಪ್ರಶ್ನೆ ಕೇಳುತ್ತದೆ. ನನ್ನ ಅರಿವಿಗೇ ಬಾರದ್ದರ ಬಗ್ಗೆ ನಾನು ಎಚ್ಚರ ಇರುವುದು ಹೇಗೆ?

ನನಗೆ ಸಿಕ್ಕ ಉತ್ತರ ಆ ತುಟಿಯ ಪರೀಕ್ಷೆಯಲ್ಲಿದೆ. ನನ್ನ ಮೈಯಲ್ಲಿ ಎಲ್ಲಕ್ಕಿಂತ ದಡ್ಡಾದ ಜಾಗವನ್ನು ಬಿಟ್ಟು ಎಲ್ಲಕ್ಕಿಂತ ಎಳೆಯ ಜಾಗವನ್ನು ಕೇಳಬೇಕು, ಯಾಕೆಂದರೆ ಎದುರಿಗಿರುವವರ ಕಣ್ಣು ಅಷ್ಟೇ ಎಳೆಯದು. ಕಾಯಶುದ್ಧಿ ಎಂದು ಹೇಳುವಾಗ ನಾವು ನಮ್ಮ ಮೈಯ ಬಗ್ಗೆ ಹೇಳುತ್ತಿದ್ದೇವೆ ಅನ್ನಿಸುತ್ತದೆ. ನಾನು ಈಗ ಅದನ್ನು ಅವರ ಮೈಯ ಬಗ್ಗೆ ಕೊಟ್ಟ ಮಾತು ಎಂದೇ ತಿಳಿದಿದ್ದೇನೆ: ನನ್ನಿಂದ ನಿಮಗೆ ಏನೂ ಹತ್ತುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನೆಮ್ಮದಿಯಿತ್ತು. ಈಗ ಮನೆಗೆ ಸೊಸೆ ಬಂದಿದ್ದಾಳೆ, ಜಾಣೆ, ಕೈಯ ಉರಿ ಅವಳಿಗೆ ಸ್ವಲ್ಪವೂ ತಡೆಯುವುದಿಲ್ಲ. ತೊಟ್ಟು ಬಿಡಿಸಿದ ಮೆಣಸಿನಕಾಯಿಯನ್ನೇ ತಂದುಬಿಡೋಣ, ಯಾರ ಕೈಗೂ ಖಾರ ಹತ್ತುವುದಿಲ್ಲ, ಎಲ್ಲರೂ ಆಹಾರ ಕೊಡಬಹುದು ಅನ್ನುತ್ತಾಳೆ. ಯಾರ ಕೈಗೂ ಎಂದರೆ ನಮ್ಮ ಮನೆಯ ಯಾರ ಕೈಗೂ. ಬ್ಯಾಡಗಿಯ ಗೋದಾಮುಗಳಲ್ಲಿ ಸಾಲಾಗಿ ಕೂತು ಕೂಲಿಗೆ ತೊಟ್ಟು ಬಿಡಿಸುವ ಹೆಂಗಸರನ್ನು ನಾನು ನೋಡಿದ್ದೇನೆ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಕಣ್ಣಷ್ಟೇ ಬಿಟ್ಟುಕೊಂಡು ದಿನವಿಡೀ ಕೂರುತ್ತಾರೆ. ಕೆಮ್ಮಿನ ಸದ್ದು ನಿಲ್ಲುವುದೇ ಇಲ್ಲ. ಸಂಜೆ ಮನೆಗೆ ಹೋಗಿ ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಬೇಕು, ಹಾಲೂಡಿಸಬೇಕು. ನಮ್ಮ ಧರ್ಮ ಕರ್ಮವನ್ನು ಮೂರು ಬಗೆಯಲ್ಲಿ ಎಣಿಸುತ್ತದೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿಕೊಂಡದ್ದು. ನನ್ನ ಕೈ ಚೊಕ್ಕಟವಾಗಿರಲಿ ಎಂದು ಉರಿಯನ್ನು ಇನ್ನೊಬ್ಬಳ ಕೈಗೆ ದಾಟಿಸಿದರೆ ಅದು ಕಾರಿತ. ಆ ಕೈ ಹೊತ್ತು ಮುನಿಗಳ ಮುಂದೆ ನಿಂತು ಕಾಯಶುದ್ಧಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಅವರಿಗೆ ಕೂಲಿ ಬೇಕು, ಕೆಲಸ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಎಣ್ಣೆ, ಹಿಟ್ಟು, ಕೈಗವಸು, ಮೂಗಿಗೆ ಒಳ್ಳೆಯ ಬಟ್ಟೆ ಇಷ್ಟನ್ನು ಒದಗಿಸುವುದು ಆ ಖಾರ ತಿನ್ನುವ ನಮ್ಮೆಲ್ಲರ ಮೇಲಿನ ಸಾಲ ಎಂದು ಬಸದಿಯ ಹೆಂಗಸರ ಸಭೆಯಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆಹಾರದಾನಕ್ಕೆ ಹಣ ಕೂಡಿಸುವ ಪೆಟ್ಟಿಗೆಯಿಂದಲೇ ಅದಕ್ಕೂ ತೆಗೆಯಬೇಕು ಅನ್ನುವುದು ನನ್ನ ವಾದ. ಕೆಲವರು ಒಪ್ಪಿದ್ದಾರೆ, ಕೆಲವರಿಗೆ ಇದು ಧರ್ಮದ ವಿಷಯ ಅಂತಲೇ ಅನ್ನಿಸಿಲ್ಲ.

ಸೊಸೆಗೆ ಒಂದೇ ಕೊರಗು: ಮೆಣಸಿನಕಾಯಿಯ ಕಾಲದಲ್ಲಿ ಮುನಿಗಳು ಬಂದರೆ ತುತ್ತು ಇಡುವ ಭಾಗ್ಯ ತಪ್ಪುತ್ತದಲ್ಲ. ತಪ್ಪುವುದಿಲ್ಲ ಎಂದು ಅವಳಿಗೆ ಹೇಳುತ್ತೇನೆ. ಗೋದಾಮಿನ ಹೆಣ್ಣುಮಗಳ ಉರಿಯಲ್ಲಿ ನಮ್ಮನ್ನು ಪಾಲುಗಾರರನ್ನಾಗಿ ಮಾಡುವ ಲೆಕ್ಕವೇ ಇಲ್ಲೂ ನಡೆಯುತ್ತದೆ. ಕೊಡುವವರ ಹಿಂದೆ ಕೈಮುಗಿದು ನಿಂತು ಮನಸಾರೆ ಸಂತೋಷಪಟ್ಟರೆ ಅದು ಅನುಮೋದನೆ, ಆ ದಾನದಲ್ಲಿ ಅವಳಿಗೂ ಪಾಲಿದೆ. ಈ ಸಲ ಗುಂಟೂರು ಕಾಯಿಯ ರಾಶಿಗೆ ಕೂರುವ ಸರದಿ ಅವಳದು ಮತ್ತು ನನ್ನದು. ಸಂಘ ಬಂದರೆ ರೊಟ್ಟಿ ತಟ್ಟುವವರು, ಅಂಜಲಿಗೆ ಇಡುವವರು ಓರಗಿತ್ತಿಯ ಮನೆಯವರು ಎಂದು ಮೊದಲೇ ಮಾತಾಡಿಕೊಂಡಿದ್ದೇವೆ.